ಆ ನೆಗೆಟಿವ್ ರಿಪೋರ್ಟ್ ಕಲಿಸಿದ್ದು

ಬೆಂಗಳೂರಿನ ಒಂದು ಜೆನೆಟಿಕ್ ಲ್ಯಾಬಿನಲ್ಲಿ ರಿಪೋರ್ಟ್ ಬರೆಯೋದು ನನ್ನ ಕೆಲಸ. ಕಳೆದ ವರ್ಷ ಒಬ್ಬ ತಾಯಿಯ ರಕ್ತ ಬಂತು. ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ. ಮೊದಲು ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲವಂತೆ, ಆಮೇಲೆ ಮಾತು ತೊದಲಿತು, ಈಗ ನುಂಗೋದೂ ಕಷ್ಟ. ಜೀನ್‌ಗಳಲ್ಲಿ ದೋಷ ಹುಡುಕುವ ಎಕ್ಸೋಮ್ ಪರೀಕ್ಷೆ ಮಾಡಿದೆವು. ಏನೂ ಸಿಗಲಿಲ್ಲ. ‘ನೆಗೆಟಿವ್’ ಅಂತ ಬರೆದು ಸಹಿ ಹಾಕಿದೆ.

ನಾಲ್ಕು ದಿನಕ್ಕೆ ಮಗ ಫೋನ್ ಮಾಡಿದರು. “ಮೇಡಂ, ನೆಗೆಟಿವ್ ಅಂದ್ರೆ ಇದು ವಂಶದಲ್ಲಿ ಬರೋದಲ್ಲ ಅಲ್ವಾ? ತಂಗಿಗೆ ಗಂಡು ನೋಡ್ತಿದ್ದೀವಿ.” ಹೌದು ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಅಂದರು: “ನಮ್ಮ ಸೋದರಮಾವನಿಗೆ ಐವತ್ತು ದಾಟಿದ ಮೇಲೆ ಸ್ವಭಾವವೇ ಬದಲಾಗಿತ್ತು. ಆದ್ರೆ ಕೈಕಾಲು ಚೆನ್ನಾಗಿತ್ತು. ಅದು ಬೇರೆ ಬಿಡಿ.”

ಅದು ಬೇರೆ ಆಗಿರಲಿಲ್ಲ.

ಈ ಕಾಯಿಲೆಗೆ ಕಾರಣವಾಗುವ ಮೊದಲ ಜೀನ್ ಎಸ್‌ಒಡಿ1 ಸಿಕ್ಕಿದ್ದು 1993ರಲ್ಲಿ. 2011ರಲ್ಲಿ ಎರಡು ತಂಡಗಳು ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಇನ್ನೊಂದನ್ನು ಹುಡುಕಿದವು, ಒಂಬತ್ತನೇ ಕ್ರೋಮೋಸೋಮಿನ ಸಿ9ಆರ್ಫ್72. ಅದರಲ್ಲಿ ಡಿಎನ್‌ಎಯ ಜಿಜಿಜಿಜಿಸಿಸಿ ಅನ್ನುವ ಆರು ಅಕ್ಷರ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಕೆಲವೇ ಸಲ. ಕಾಯಿಲೆಯವರಲ್ಲಿ ನೂರಾರು, ಸಾವಿರಾರು ಸಲ. ಇದೇ ದೋಷ ಒಂದೇ ಮನೆಯಲ್ಲಿ ಒಬ್ಬರಿಗೆ ಕೈಕಾಲಿನ ಶಕ್ತಿ ಕಸಿಯಬಹುದು, ಇನ್ನೊಬ್ಬರಿಗೆ ನಡವಳಿಕೆ ಕೆಡಿಸುವ ಡಿಮೆನ್ಶಿಯಾ ತರಬಹುದು. ಯುರೋಪ್ ಮೂಲದವರಲ್ಲಿ ಇದು ಜಾಸ್ತಿ, ನಮ್ಮಲ್ಲಿ ಕಡಿಮೆ. ಆ ‘ಕಡಿಮೆ’ಯನ್ನೇ ನಾನು ‘ಇಲ್ಲ’ ಅಂತ ಓದಿಕೊಂಡಿದ್ದೆ.

ನಾವು ಮಾಡಿದ ಎಕ್ಸೋಮ್ ಪರೀಕ್ಷೆಗೆ ಇದು ಕಾಣೋದೇ ಇಲ್ಲ. ಅದು ಪ್ರೋಟೀನ್ ಬರೆಯುವ ಭಾಗಗಳನ್ನು ಮಾತ್ರ, ಅದೂ ಚೂರು ಚೂರಾಗಿ ಓದುತ್ತದೆ. ಈ ದೋಷ ಇರೋದು ಆ ಭಾಗಗಳ ಆಚೆ. ಚೂರು ಕೈಗೆ ಸಿಕ್ಕಿದರೂ ಉದ್ದ ತಿಳಿಯಲ್ಲ. ಒಂದೇ ಥರದ ಸೀರೆ ಅಂಚನ್ನು ಗೇಣುಗೇಣು ಕತ್ತರಿಸಿ ಕೊಟ್ಟರೆ ಸೀರೆ ಎಷ್ಟು ಉದ್ದ ಇತ್ತು ಅಂತ ಹೇಗೆ ಹೇಳೋದು? ಇದಕ್ಕೇ ಅಂತ ಬೇರೆ ಪಿಸಿಆರ್ ಪರೀಕ್ಷೆ ಇದೆ, ಡಿಎನ್‌ಎಯ ಬೇಕಾದ ಭಾಗವನ್ನು ಮಾತ್ರ ನಕಲು ಮಾಡಿ ನೋಡುವಂಥದ್ದು.

ಉಳಿದಿದ್ದ ಡಿಎನ್‌ಎಯಲ್ಲಿ ಅದನ್ನು ಮಾಡಿದೆವು. ದೋಷ ಇಲ್ಲದಿದ್ದರೆ ಪರದೆಯ ಮೇಲೆ ನಾಲ್ಕಾರು ಮೊನೆ ಎದ್ದು ಗೆರೆ ಚಪ್ಪಟೆಯಾಗುತ್ತದೆ. ಇಲ್ಲಿ ನಿಲ್ಲಲೇ ಇಲ್ಲ. ಗರಗಸದ ಹಲ್ಲಿನಂತೆ, ಒಂದಕ್ಕಿಂತ ಒಂದು ಗಿಡ್ಡವಾಗುತ್ತಾ, ಬಲತುದಿಯವರೆಗೂ ಹೋಯಿತು. ನಾನು ಸಹಿ ಹಾಕಿದ್ದ ರಿಪೋರ್ಟ್ ಪಕ್ಕದಲ್ಲೇ ಇತ್ತು.

ಈಗ ನಮ್ಮ ನೆಗೆಟಿವ್ ರಿಪೋರ್ಟಿನ ಮೊದಲ ಪುಟದಲ್ಲೇ ಈ ಪರೀಕ್ಷೆಗೆ ಏನೇನು ಕಾಣಲ್ಲ ಅಂತ ದಪ್ಪಕ್ಷರದಲ್ಲಿ ಬರೆಯುತ್ತೇವೆ. ಫಾರ್ಮಿನಲ್ಲಿ “ಮನೆಯಲ್ಲಿ ಯಾರಿಗಾದರೂ ನಡುವಯಸ್ಸಿನಲ್ಲಿ ಸ್ವಭಾವ ಬದಲಾಗಿತ್ತಾ?” ಅಂತಲೂ ಕೇಳುತ್ತೇವೆ.

“ತಂಗಿ ರಕ್ತಾನೂ ಕಳಿಸ್ಲಾ?” ಅಂತ ಅಣ್ಣ ಕೇಳಿದರು. ಬೇಡ, ಅವರೇ ಬರಲಿ, ಅವರೇ ನಿರ್ಧಾರ ಮಾಡಲಿ ಅಂದೆ. ಬಂದರು. ಜೆನೆಟಿಕ್ ಕೌನ್ಸೆಲರ್ ಜೊತೆ ನಾನೂ ಕೂತೆ. ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಬಂದಿದ್ದರೂ ಯಾವಾಗ ಕಾಣಿಸಿಕೊಳ್ಳುತ್ತದೆ ಅಂತ ಪರೀಕ್ಷೆ ಹೇಳಲ್ಲ ಅಂತ ತಿಳಿಸಿದೆವು. ಔಷಧಿ ಇದೆಯಾ ಅಂದರು. 2023ರಲ್ಲಿ ಅಮೆರಿಕ ಒಪ್ಪಿದ ಟೋಫರ್ಸೆನ್ ಅನ್ನುವ ಔಷಧಿ ಎಸ್‌ಒಡಿ1 ದೋಷ ಇರುವವರಿಗೆ ಮಾತ್ರ. ಈ ದೋಷಕ್ಕೆ ಇಲ್ಲ ಅಂತ ಹೇಳಬೇಕಾಯಿತು, ಅವರ ಮುಖ ನೋಡಿಕೊಂಡೇ.

ಒಪ್ಪಿಗೆ ಪತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದರು. ಇನ್ನೂ ಕಳಿಸಿಲ್ಲ. ನಾನೂ ಕೇಳಿಲ್ಲ.