ಕಪ್ಪು ಉಡುಪಿನ ಹೆಂಗಸು

ಜೂನ್ 9, 2024, ಭಾನುವಾರ

ಬೆಳಿಗ್ಗೆ ಬೀರು ಒರೆಸುವಾಗ ತಂಗಿ ಬಾಸ್ಟನ್‌ನಿಂದ ಕಳಿಸಿದ್ದ ಚಿತ್ರದ ಕಾರ್ಡು ಕೆಳಗೆ ಬಿತ್ತು. ಎತ್ತಿಕೊಂಡವಳು ಅಲ್ಲೇ ಕೂತುಬಿಟ್ಟೆ. ಮೇರಿ ಕಸಾಟ್ 1878ರಲ್ಲಿ ಬರೆದ ‘ಇನ್ ದ ಲೋಜ್’, ಅಂದರೆ ನಾಟಕಶಾಲೆಯ ಬಾಕ್ಸ್ ಸೀಟಿನಲ್ಲಿ. ಪ್ಯಾರಿಸ್‌ನ ಒಂದು ನಾಟಕಶಾಲೆ. ಕಪ್ಪು ಉಡುಪಿನ ಹೆಂಗಸೊಬ್ಬಳು ಸಣ್ಣ ದುರ್ಬೀನನ್ನು ಕಣ್ಣಿಗೆ ಹಿಡಿದಿದ್ದಾಳೆ. ಇನ್ನೊಂದು ಕೈಯಲ್ಲಿ ಮಡಚಿದ ಬೀಸಣಿಗೆ. ರಂಗ ನಮಗೆ ಕಾಣುವುದೇ ಇಲ್ಲ.

ಎರಡು ವರ್ಷದಿಂದ ಕಣ್ಣೆದುರೇ ಇದ್ದ ಚಿತ್ರ. ಹಿಂದಿನ ಬಾಲ್ಕನಿಯ ಗಂಡಸು ಕಣ್ಣಿಗೆ ಬಿದ್ದದ್ದು ಮಾತ್ರ ಇವತ್ತು! ಅವನ ಹತ್ತಿರವೂ ದುರ್ಬೀನು ಇದೆ. ಕಟಕಟೆಯ ಮೇಲೆ ಬಾಗಿ ಅದನ್ನು ಇವಳ ಕಡೆಗೇ ತಿರುಗಿಸಿದ್ದಾನೆ. ಕಸಾಟ್ ಅವನನ್ನು ಒಂದಿಷ್ಟು ಒರಟು ಗೆರೆಗಳಲ್ಲಿ ಮುಗಿಸಿದ್ದಾಳೆ. ಮುಖವೂ ಸರಿಯಾಗಿ ಮೂಡಿಲ್ಲ. ಅವನಿಗೆ ಅಷ್ಟು ಸಾಕು ಅನ್ನಿಸಿತು ನನಗೆ.

ಆಗ ನಾಟಕ ನಡೆಯುವಾಗಲೂ ಪ್ರೇಕ್ಷಕರ ಕಡೆಯ ದೀಪ ಪೂರ್ತಿ ಆರಿಸುತ್ತಿರಲಿಲ್ಲ. ಎಷ್ಟೋ ಜನ ಬರುತ್ತಿದ್ದದ್ದೇ ಒಬ್ಬರನ್ನೊಬ್ಬರು ನೋಡೋಕೆ. ಫ್ರೆಂಚ್ ಚಿತ್ರಕಾರ ರೆನ್ವಾ 1874ರಲ್ಲಿ ಬರೆದ ‘ಲಾ ಲೋಜ್’ ಚಿತ್ರದಲ್ಲೂ ಇದೇ ಬಾಕ್ಸ್ ಸೀಟು. ಅಲ್ಲಿ ಮುತ್ತಿನ ಸರ ಹಾಕಿಕೊಂಡ ಹೆಂಗಸು ದುರ್ಬೀನು ಕೆಳಗಿಳಿಸಿ ನಮ್ಮತ್ತ ಮುಖ ಮಾಡಿದ್ದಾಳೆ. ದುರ್ಬೀನಿನಲ್ಲಿ ನೋಡುವ ಕೆಲಸ ಹಿಂದೆ ಕೂತ ಗಂಡಸಿನದು. ತುಂಬ ಚಂದದ ಚಿತ್ರ, ಆದರೆ ನನಗೆ ನನ್ನ ಕಾರ್ಡಿನ ಇವಳೇ ಜಾಸ್ತಿ ಇಷ್ಟ. ಇವಳು ನೋಡಲು ಬಂದವಳು.

ಕಸಾಟ್ ಅಮೆರಿಕದವಳು, ಹುಟ್ಟಿದ್ದು 1844ರಲ್ಲಿ. ಅವಳು ಪ್ಯಾರಿಸ್‌ಗೆ ಬಂದಾಗ ಅಲ್ಲಿನ ಸರ್ಕಾರಿ ಕಲಾಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1897ರವರೆಗೂ ಹಾಗೇ ಇತ್ತು. ಹಾಗಾಗಿ ಖಾಸಗಿ ಪಾಠ, ಲೂವ್ರ್ ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳ ಮುಂದೆ ಕೂತು ನಕಲು ಮಾಡುವುದು. ನೋಡಿ ನೋಡಿಯೇ ಕಲಿತವಳು. ಈ ಹೆಂಗಸು ದುರ್ಬೀನು ಹಿಡಿದ ರೀತಿ ಅಂಥವಳಿಗೇ ಗೊತ್ತಿರಬೇಕು, ಅಲ್ವಾ?

ನಾನೂ ನಾಟಕಕ್ಕೆ ಒಬ್ಬಳೇ ಹೋಗುತ್ತೇನೆ. ಯಾರೋ ತಿರುಗಿ ನೋಡಿದರೆಂದು ಸೆರಗು ಸರಿಮಾಡಿಕೊಳ್ಳುತ್ತಾ, ರಂಗದ ಮೇಲಿನ ಒಳ್ಳೆಯ ಮಾತೊಂದನ್ನು ಕಳೆದುಕೊಂಡದ್ದಿದೆ. ಆ ಮಾತು ಇನ್ನೂ ಸಿಕ್ಕಿಲ್ಲ. ಇವಳು ಏನನ್ನೂ ಕಳೆದುಕೊಳ್ಳುತ್ತಿಲ್ಲ.

ಮಧ್ಯಾಹ್ನ ತಂಗಿಗೆ ಮೆಸೇಜ್ ಹಾಕಿದೆ: ‘ಮತ್ತೆ ಮ್ಯೂಸಿಯಂಗೆ ಹೋದರೆ ಆಕೆಯ ಬೀಸಣಿಗೆಯ ಕೈ ನೋಡಿ ಬಾರೇ. ಎಷ್ಟು ಬಿಗಿಯಾಗಿ ಹಿಡಿದಿದ್ದಾಳೆ ಅಂತ ಈ ಕಾರ್ಡಿನಲ್ಲಿ ಗೊತ್ತಾಗ್ತಿಲ್ಲ.’