ತಟ್ಟಿದರೆ ಓಡುವ ಗರಗಸ

ಪ್ಲೈವುಡ್ ಅರ್ಧ ಕೊಯ್ದಾಗಿತ್ತು. ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡಿನ ಕರೆಂಟ್ ಗರಗಸ, ತಡವರಿಸಿದ ಹಾಗೆ ಸದ್ದು ಮಾಡಿ ನಿಂತೇಹೋಯಿತು. ಸ್ವಿಚ್ ಒತ್ತಿದರೆ ಉಸಿರೇ ಇಲ್ಲ. ಒತ್ತಿಕೊಂಡೇ ಅದರ ಮೈಮೇಲೆ ತಟ್ಟಿದೆ. ಎರಡು ಸೆಕೆಂಡ್ ತಿರುಗಿ ಮತ್ತೆ ಸುಮ್ಮನಾಯಿತು. ಬ್ಲೇಡ್ ಇನ್ನೂ ಹಲಗೆಯೊಳಗೇ ಇತ್ತು, ಹಾಗೆ ತಟ್ಟಬಾರದಿತ್ತು. ಪ್ಲಗ್ ಕಿತ್ತೆ.

"ಆರ್ಮೇಚರ್ ಸುಟ್ಟಿರುತ್ತೆ ಅಕ್ಕಾ, ಹೊಸದೇ ತಗೊಂಡುಬಿಡು" ಅಂದ ತಮ್ಮ. ಆರ್ಮೇಚರ್ ಅಂದರೆ ಮೋಟಾರಿನೊಳಗೆ ತಿರುಗುವ ಭಾಗ. ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೆ ಸುತ್ತಿದ ತಂತಿ, ಅಂದರೆ ವೈಂಡಿಂಗ್, ಸುಟ್ಟರೆ ಆ ಕಮಟು ವಾಸನೆ ಗಂಟೆಗಟ್ಟಲೆ ಮೂಗಿನಿಂದ ಹೋಗಲ್ಲ. ಇಲ್ಲಿ ಅಂಥದ್ದೇನೂ ಇರಲಿಲ್ಲ. ತಟ್ಟಿದರೆ ಓಡುತ್ತದೆ ಅಂದರೆ ಎಲ್ಲೋ ಕಾಂಟ್ಯಾಕ್ಟ್ ಸಿಗುತ್ತಿಲ್ಲ.

ವೈರನ್ನು ಹಿಡಿಕೆಯ ಬುಡದಲ್ಲಿ ಅತ್ತಿತ್ತ ಬಗ್ಗಿಸುತ್ತಾ ಕರೆಂಟಿನ ದಾರಿ ಎಲ್ಲಾದರೂ ತುಂಡಾಗಿದೆಯಾ ಅಂತ ಮಲ್ಟಿಮೀಟರ್ ಹಿಡಿದು ನೋಡಿದೆ. ಒಳಗೇ ತುಂಡಾಗುವುದು ಸಾಮಾನ್ಯವಾಗಿ ಅಲ್ಲೇ. ಸರಿಯಿತ್ತು. ಸ್ವಿಚ್ಚೂ ಸರಿಯಿತ್ತು. ಆಗ ನೆನಪಾಯಿತು: ಎರಡು ವಾರದಿಂದ ಮೋಟಾರಿನ ಗಾಳಿಕಿಂಡಿಯೊಳಗೆ ಕಿಡಿ ಜಾಸ್ತಿಯಾಗಿತ್ತು. ಸಣ್ಣ ನೀಲಿ ಕಿಡಿ ಇದ್ದದ್ದೇ. ಇದು ಹಳದಿಯಾಗಿ, ಉದ್ದಕ್ಕೆ ಹಾರುತ್ತಿತ್ತು.

ನನ್ನ ಮಷಿನ್ನಿನಲ್ಲಿ ಮೋಟಾರಿನ ಎರಡೂ ಪಕ್ಕ ಕಪ್ಪು ಮುಚ್ಚಳಗಳಿವೆ. ಸ್ಕ್ರೂಡ್ರೈವರಿನಿಂದ ತಿರುಗಿಸುವಾಗ ಮೇಲೆ ಹೆಬ್ಬೆರಳು ಇಟ್ಟಿರಬೇಕು, ಸ್ಪ್ರಿಂಗ್ ಚಿಮ್ಮುತ್ತದೆ. ಒಳಗಿರುವುದು ಕಾರ್ಬನ್ ಬ್ರಷ್, ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟ್ ಮುಟ್ಟಿಸುವ ಪುಟ್ಟ ಇಟ್ಟಿಗೆಯಂಥ ತುಂಡು. ಒಂದು 8 ಮಿ.ಮೀ. ಉಳಿದಿತ್ತು. ಇನ್ನೊಂದು 4 ಮಿ.ಮೀ. ಕೂಡ ಇರಲಿಲ್ಲ, ತುದಿಯ ಮೂಲೆ ಮುರಿದಿತ್ತು. ಅಷ್ಟು ಗಿಡ್ಡವಾದ ಮೇಲೆ ಸ್ಪ್ರಿಂಗ್ ಅದನ್ನು ಕಮ್ಯುಟೇಟರಿಗೆ, ಅಂದರೆ ಆರ್ಮೇಚರಿನ ತುದಿಯ ತಾಮ್ರದ ಪಟ್ಟಿಗಳ ದುಂಡು ಭಾಗಕ್ಕೆ, ಒತ್ತಿ ಹಿಡಿಯುವುದಾದರೂ ಹೇಗೆ! ಒಂದೇ ಸವೆದಿದ್ದರೂ ಜೋಡಿಯನ್ನೇ ಬದಲಿಸಬೇಕು. ಹಳೆಯದು, ಹೊಸದು ಒಂದೇ ಬಲದಲ್ಲಿ ಒತ್ತುವುದಿಲ್ಲ.

ಕಮ್ಯುಟೇಟರ್ ಚಾಕೊಲೇಟ್ ಬಣ್ಣಕ್ಕಿದ್ದರೆ ಆರೋಗ್ಯವಾಗಿದೆ ಅಂತ. ನನ್ನದರಲ್ಲಿ ಅಲ್ಲಲ್ಲಿ ಮಸಿ. ಒಣ ಬಟ್ಟೆಯಲ್ಲಿ ಒರೆಸಿದೆ, ಅಷ್ಟೇ. ಎಮೆರಿ ಪೇಪರ್ (ಒಂದು ಬಗೆಯ ಉಜ್ಜುಕಾಗದ) ಹಾಕಿ ಉಜ್ಜುವವರಿದ್ದಾರೆ, ದಯವಿಟ್ಟು ಬೇಡ. ಅದರ ಕಣಗಳು ತಾಮ್ರದ ಪಟ್ಟಿಗಳ ಸಂದಿನಲ್ಲಿ ಕೂರುತ್ತವೆ. ಹೊಸ ಬ್ರಷ್ ಹಾಕಿ ಹತ್ತು ನಿಮಿಷ ಖಾಲಿ ಓಡಿಸಿದೆ. ಕಾರ್ಬನ್ನಿನ ಮುಖ ಕಮ್ಯುಟೇಟರಿನ ದುಂಡು ಮೈಗೆ ಹೊಂದಿಕೊಳ್ಳುತ್ತಾ ಬಂದ ಹಾಗೆ ಕಿಡಿಯೂ ಇಳಿಯಿತು.

ಆದರೆ ಇಷ್ಟು ಬೇಗ ಯಾಕೆ ಸವೆಯಿತು? ಪ್ಲಗ್ ಕಿತ್ತು ಬ್ಲೇಡ್ ಬಿಚ್ಚಿದಾಗ ಗೊತ್ತಾಯಿತು. ಹಲ್ಲು ಚೂಪಾಗೇ ಇದ್ದವು, ಪಕ್ಕದಲ್ಲಿ ಮರದ ಅಂಟು ಕಂದುಬಣ್ಣಕ್ಕೆ ಗಟ್ಟಿಯಾಗಿ ಹತ್ತಿಕೊಂಡಿತ್ತು. ಕೊಯ್ದ ಅಂಚು ಕಪ್ಪಾಗುತ್ತಿದ್ದದ್ದು ಅದರಿಂದಲೇ, ನಾನು ಬ್ಲೇಡ್ ಮೊಂಡಾಗಿದೆ ಅಂದುಕೊಂಡು ಇನ್ನಷ್ಟು ದಬ್ಬುತ್ತಿದ್ದೆ. ಅಡುಗೆ ಸೋಡಾ ಕರಗಿಸಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿ, ತಕ್ಷಣ ಒರೆಸಿ ಒಣಗಿಸಿದೆ. ಸುರುಳಿ ಬಿಚ್ಚದೆ ಬಳಸುತ್ತಿದ್ದ ತೆಳು ಎಕ್ಸ್‌ಟೆನ್ಷನ್ ವೈರೂ ಕೈಗೆ ಬೆಚ್ಚಗೆ ಹತ್ತುತ್ತಿತ್ತು. ಅಂಥ ವೈರಿನಲ್ಲಿ ವೋಲ್ಟೇಜ್ ಬೀಳುತ್ತದೆ, ಓಟ ತಗ್ಗುತ್ತದೆ, ನಾವು ಮತ್ತೂ ಒತ್ತುತ್ತೇವೆ, ಮೋಟಾರ್ ಬಿಸಿಯಾಗುತ್ತದೆ. ಈಗ 2.5 ಸ್ಕ್ವೇರ್ ಎಂಎಂನ ದಪ್ಪ ವೈರ್ ಹಾಕಿ, ಪೂರ್ತಿ ಬಿಚ್ಚಿ ಹಾಸಿಕೊಳ್ಳುತ್ತೇನೆ.

ಬ್ಲೇಡ್ ಮತ್ತೆ ಕೂರಿಸುವಾಗ ಬ್ಲೇಡನ್ನು ಮುಚ್ಚುವ ಕೆಳಗಿನ ಗಾರ್ಡನ್ನು ಎಳೆದು ಬಿಟ್ಟೆ. ಟಪ್ ಅಂತ ಮುಚ್ಚಬೇಕಾದ್ದು ನಿಧಾನಕ್ಕೆ ತೆವಳಿತು. ಒಳಗೆ ಮರದ ಹುಡಿ ಗಟ್ಟಿಯಾಗಿ ಕೂತಿತ್ತು. ಇದನ್ನು ನೋಡಿ ನಿಜಕ್ಕೂ ಭಯವಾಯಿತು. ಮೋಟಾರ್ ನಿಂತರೆ ಕೆಲಸ ನಿಲ್ಲುತ್ತದೆ, ಗಾರ್ಡ್ ಮುಚ್ಚದಿದ್ದರೆ ತೊಡೆ ಸೀಳುತ್ತದೆ. ಟೂತ್‌ಬ್ರಷ್ಷಿನಿಂದ ಕೆರೆದು ತೆಗೆದೆ. ಎಣ್ಣೆ ಬಿಡಲಿಲ್ಲ, ಬಿಟ್ಟರೆ ಹುಡಿ ಮತ್ತೆ ಅಲ್ಲೇ ಅಂಟುತ್ತದೆ. ಹತ್ತು ಸಲ ಎಳೆದು ಬಿಟ್ಟೆ, ಹತ್ತೂ ಸಲ ಟಪ್ ಅಂದಮೇಲೆಯೇ ಪ್ಲಗ್ ಹಾಕಿದ್ದು.