ಮುತ್ತತ್ತಿಯಿಂದ ಸಂಗಮಕ್ಕೆ, ಬಿಳಿಮೀನಿನ ಜಾಡಿನಲ್ಲಿ

ಹಲಗೂರು ದಾಟಿ ಕಾಡಿಗಿಳಿದ ರಸ್ತೆ ಮುತ್ತತ್ತಿಯಲ್ಲಿ ಕಾವೇರಿಯ ದಡ ಮುಟ್ಟುತ್ತದೆ. ಮುತ್ತೆತ್ತರಾಯನ ಗುಡಿಯ ಸುತ್ತ ಜನವೋ ಜನ, ಮರದಡಿಯಲ್ಲೆಲ್ಲ ಬಾಡೂಟದ ಒಲೆ. ನಾವು ಮೀನು ನೋಡಲು ಬಂದವರು ಎಂದಾಗ ಸೌದೆ ಒಟ್ಟುತ್ತಿದ್ದ ಹಿರಿಯರೊಬ್ಬರು ನಕ್ಕೇಬಿಟ್ಟರು.

ಭೀಮೇಶ್ವರಿಯತ್ತ ಸಾಗಿದಂತೆ ಗದ್ದಲ ಹಿಂದುಳಿಯಿತು. ಬಂಡೆಗಳ ನಡುವೆ ನುಗ್ಗುವ ಹೊಳೆ ತಟ್ಟನೆ ಕಡುಹಸಿರು ಮಡುವಾಗುತ್ತದೆ. ಮಹಶೀರ್‌ಗೆ, ಇಲ್ಲಿನವರ ಬಿಳಿಮೀನಿಗೆ, ಎರಡೂ ಬೇಕು: ಮೊಟ್ಟೆಯಿಡಲು ಕಲ್ಲುಗರಸಿನ ಹರಿವು, ಬೇಸಿಗೆ ಕಳೆಯಲು ಆಳದ ಮಡು. ಮೇಲೆ 1902ರ ಶಿವನಸಮುದ್ರ ವಿದ್ಯುತ್ ಕೇಂದ್ರ, ಇನ್ನೂ ಮೇಲೆ ಕನ್ನಂಬಾಡಿ ಕಟ್ಟೆ, ಕೆಳಗೆ 1934ರ ಮೆಟ್ಟೂರು. ನಡುವೆ ಉಳಿದ ತುಂಡು ಹೊಳೆಯಿದು. ದಡದ ಬಂಡೆಗಳ ಮೇಲೆ ಮೊಳದೆತ್ತರಕ್ಕೆ ಒದ್ದೆ ಗೆರೆಯಿತ್ತು. "ಮೇಲ್ಗಡೆ ನೀರು ಹಿಡಿದವ್ರೆ" ಎಂದ ಜೊತೆಗಿದ್ದ ಗೈಡ್.

1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದದ್ದು 120 ಪೌಂಡಿನ ಮೀನು. ಅಂಥ ದೈತ್ಯವನ್ನು ಮೀನಿಗೆಂದು ಹೊಳೆಯಲ್ಲಿ ಸಿಡಿಸಿದ ಡೈನಮೈಟ್ ತಿಂದಿತು, ಕಟ್ಟೆಗಳು ತಡೆದವು. ನನಗೆ ಹೆಚ್ಚು ಕಸಿವಿಸಿಯಾಗುವುದು ಒಳ್ಳೆಯ ಮನಸ್ಸಿನಿಂದ ಆದ ಕೆಲಸದ ಬಗ್ಗೆ. ಮಹಶೀರ್ ಉಳಿಸಬೇಕೆಂದು ಮಹಾರಾಷ್ಟ್ರದ ಮರಿಕೇಂದ್ರದಿಂದ ತಂದು ಬಿಟ್ಟದ್ದು ನೀಲಿ ರೆಕ್ಕೆಯ ಬೇರೆ ಜಾತಿಯನ್ನು. ಅದು ಹಬ್ಬಿತು, ಕಿತ್ತಳೆ ರೆಕ್ಕೆಯ ಇಲ್ಲಿನದು ಕ್ಷೀಣಿಸಿತು. ಇಷ್ಟು ಹೆಸರಾಂತ ಮೀನಿನ ಗುರುತು ವಿಜ್ಞಾನಕ್ಕೆ ಖಚಿತವಾದದ್ದೇ 2018ರಲ್ಲಿ! ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವಿವರಿಸಿದ್ದ 'ಟಾರ್ ರೆಮಾದೇವಿಯೈ' ಇದೇ ಎಂದು ತಿಳಿಯಿತು. ಈಗದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಹಿಡಿದು ಮತ್ತೆ ನೀರಿಗೆ ಬಿಡುವ ಗಾಳದಾಟ ಇಲ್ಲಿ ನಿಂತದ್ದು ವನ್ಯಜೀವಿ ಕಾಯ್ದೆಯಿಂದಾಗಿ. ಗಾಳ ನನಗೇನೂ ಇಷ್ಟವಿಲ್ಲ. ಆದರೆ ಆ ಆಟದ ಶಿಬಿರಗಳು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರನ್ನೇ ಕಾವಲಿಗಿಟ್ಟುಕೊಂಡಿದ್ದವು. ಆಟ ನಿಲ್ಲಿಸಿದವರು ಆ ಕಣ್ಣುಗಳನ್ನಾದರೂ ಉಳಿಸಿಕೊಳ್ಳಬೇಕಿತ್ತು.

ಸುತ್ತು ಬಳಸಿ ಸಂಜೆಗೆ ಸಂಗಮ ತಲುಪಿದೆವು. ಬೆಂಗಳೂರಿನ ಕೊಳೆ ಹೊತ್ತ ಅರ್ಕಾವತಿ ಕಾವೇರಿಗೆ ಸೇರುವುದು ಇಲ್ಲೇ. ಅಂಗಡಿಯ ಬಾಣಲೆಯಲ್ಲಿದ್ದವು ಜಿಲೇಬಿ, ಕಾಟ್ಲ ಮೀನುಗಳು. ಮೊದಲನೆಯದು ಆಫ್ರಿಕಾದ್ದು, ಇನ್ನೊಂದು ಗಂಗೆಯ ಬಯಲಿನದು. ಕಾವೇರಿಯದು ಒಂದೂ ಇಲ್ಲ. ಕೆಳಗೆ ಮೇಕೆದಾಟಿನಲ್ಲಿ ಸುಮಾರು 67 ಟಿಎಂಸಿ ಅಡಿಯ ಅಣೆಕಟ್ಟಿನ ಪ್ರಸ್ತಾವವಿದೆ. ಅದು ಬಂದರೆ ನಾವು ಬೆಳಿಗ್ಗೆ ನೋಡಿದಂಥ ಹರಿವೆಲ್ಲ ನಿಂತ ನೀರಾಗುತ್ತದೆ. ಜಿಲೇಬಿಗೆ ಅದು ಸುಖ, ಬಿಳಿಮೀನಿಗೆ ಮೊಟ್ಟೆಯಿಡಲು ಜಾಗವಿರುವುದಿಲ್ಲ.